ಕಡಿಮೆ ಬೆಲೆಯ ಸ್ಮಾರ್ಟ್ ಟಿವಿ: ಕೊಳ್ಳುವವರಿಗೆ ಬೇಕಾದ ವಿವರ ಪೆಟ್ಟಿಗೆಯ ಮೇಲಿರಲಿ

ಮಾನ್ಯ ಸಂಪಾದಕರೇ,

ಸ್ಮಾರ್ಟ್ ಟಿವಿ ಕೊಳ್ಳುವವರಿಗೆಂದು ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುವ ಮಾರ್ಗದರ್ಶಿ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಟಿವಿ ದುರಸ್ತಿಯೇ ನನ್ನ ವೃತ್ತಿಯಾದ್ದರಿಂದ, ಕೊಂಡು ಮೂರು ನಾಲ್ಕು ವರ್ಷಗಳಾದ ಮೇಲೆ ಅವೇ ಟಿವಿಗಳು ಯಾವ ಸ್ಥಿತಿಗೆ ಬಂದಿರುತ್ತವೆ ಎಂಬುದನ್ನೂ ನೋಡುತ್ತಿರುತ್ತೇನೆ. ಬರಹಗಳಲ್ಲಿ ಒತ್ತು ಸಿಗುವುದು ಪರದೆಯ ಅಳತೆಗೆ, ೪ಕೆ ಎಂಬ ಮುದ್ರೆಗೆ, ಆ್ಯಪ್‌ಗಳ ಸಂಖ್ಯೆಗೆ ಮತ್ತು ರಿಯಾಯಿತಿಗೆ. ದುರಸ್ತಿಗೆ ಬರುವವರ ದೂರುಗಳು ಬೇರೆಯೇ ಇರುತ್ತವೆ: ರಿಮೋಟ್ ಒತ್ತಿದರೆ ಟಿವಿ ತಡವಾಗಿ ಓಗೊಡುತ್ತದೆ, ಮೊನ್ನೆಯವರೆಗೆ ತೆರೆಯುತ್ತಿದ್ದ ಆ್ಯಪ್ ಈಗ ತೆರೆಯುತ್ತಿಲ್ಲ, ಧ್ವನಿ ಬರುತ್ತದೆ ಆದರೆ ಚಿತ್ರ ಇಲ್ಲ, ಹಗಲು ಹೊತ್ತಿನಲ್ಲಿ ಪರದೆ ಮಂಕಾಗಿ ಕಾಣುತ್ತದೆ, ಪಾತ್ರಗಳ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ಈ ದೂರುಗಳಲ್ಲಿ ಹೆಚ್ಚಿನವುಗಳ ಬೀಜ ಟಿವಿ ಕೊಂಡ ದಿನವೇ ಬಿದ್ದಿರುತ್ತದೆ. ಆದರೆ ಅಂದು ಅದನ್ನು ಮುಂಗಾಣಲು ಬೇಕಾದ ಮಾಹಿತಿ ಪೆಟ್ಟಿಗೆಯ ಮೇಲೆ ಇರುವುದಿಲ್ಲ, ಅಂಗಡಿಯಲ್ಲಿ ಹೇಳುವವರಿರುವುದಿಲ್ಲ, ಬರಹಗಳಲ್ಲೂ ಸಿಗುವುದಿಲ್ಲ. ಹಣ ಕೂಡಿಟ್ಟು ಒಂದೇ ಒಂದು ಟಿವಿ ಕೊಳ್ಳುವ ಮನೆಗಳಿಗೆ ಇದರಿಂದ ಅನ್ಯಾಯವಾಗುತ್ತಿದೆ ಎಂಬ ನೋವಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ಸ್ಮಾರ್ಟ್ ಟಿವಿ ಎಂದು ನಾವು ಕೊಳ್ಳುವುದು ಒಂದೇ ಚೌಕಟ್ಟಿನೊಳಗೆ ಕೂಡಿಸಿಟ್ಟ ಎರಡು ಉಪಕರಣಗಳನ್ನು. ಒಂದು, ಪರದೆ: ಪ್ಯಾನೆಲ್, ಅದರ ಹಿಂದೆ ಬೆಳಕು ಕೊಡುವ ಎಲ್‌ಇಡಿ ಪಟ್ಟಿಗಳು, ವಿದ್ಯುತ್ ಪೂರೈಸುವ ಪವರ್ ಬೋರ್ಡ್. ಇನ್ನೊಂದು, ಮದರ್‌ಬೋರ್ಡಿನ ಮೇಲಿರುವ ಸಣ್ಣ ಕಂಪ್ಯೂಟರ್: ಪ್ರೊಸೆಸರ್, ರ‍್ಯಾಮ್, ಸಂಗ್ರಹ ಸ್ಥಳ ಮತ್ತು ಅವುಗಳನ್ನು ನಡೆಸುವ ತಂತ್ರಾಂಶ. ಒಳ್ಳೆಯ ಪರದೆ ಸರಿಯಾಗಿ ಬಳಸಿದರೆ ಹತ್ತು ವರ್ಷ ದುಡಿಯಬಲ್ಲದು. ಅಗ್ಗದ ಟಿವಿಯ ಕಂಪ್ಯೂಟರ್ ಅದರ ಅರ್ಧ ಕಾಲವೂ ಹೊಸ ತಂತ್ರಾಂಶದ ಭಾರವನ್ನು ತಾಳುವುದಿಲ್ಲ. ಬೆಲೆ ಇಳಿಸಲು ತಯಾರಕರು ಉಳಿತಾಯ ಮಾಡುವುದು ಕೊಳ್ಳುವವರ ಕಣ್ಣಿಗೆ ಬೀಳದ ಜಾಗಗಳಲ್ಲಿ, ಅಂದರೆ ಪರದೆಯ ಹಿಂದಿನ ಬೆಳಕಿನಲ್ಲಿ ಮತ್ತು ಮದರ್‌ಬೋರ್ಡಿನ ರ‍್ಯಾಮ್‌ನಲ್ಲಿ. ಈ ಎರಡರಲ್ಲಿ ಕಂಪ್ಯೂಟರನ್ನು ಮುಂದೆ, ಹೊರಗಿನ ಸಾಧನ ಜೋಡಿಸುವ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿ ಆ್ಯಪ್ ನೋಡಬಹುದಾದ ಒಂದು ಸಣ್ಣ ಸ್ಟಿಕ್‌ನಿಂದ ಬದಲಿಸಬಹುದು, ಪರದೆಯನ್ನು ಬದಲಿಸಲಾಗದು. ಹಾಗಾಗಿ ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ ಅದರ ಹೆಚ್ಚಿನ ಪಾಲು ಪರದೆಯ ಗುಣಮಟ್ಟಕ್ಕೆ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ್ಯಪ್‌ಗಳು ನಿಂತುಹೋಗುವುದು ಅಪರೂಪದ ಸಂಗತಿಯಲ್ಲ, ಹೆಸರಾಂತ ಕಂಪನಿಗಳ ಟಿವಿಗಳಲ್ಲೂ ಅದು ನಡೆದಿದೆ. ೨೦೧೫ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ಸಂಪರ್ಕ ವ್ಯವಸ್ಥೆಯನ್ನು ಕೈಬಿಟ್ಟಾಗ, ೨೦೧೨ಕ್ಕೆ ಮತ್ತು ಅದಕ್ಕೂ ಹಿಂದಕ್ಕೆ ಸೇರಿದ ಹಲವು ಟಿವಿಗಳಲ್ಲಿ ಅದರ ಆ್ಯಪ್ ಕೆಲಸ ನಿಲ್ಲಿಸಿತು. ೨೦೧೯ರ ಡಿಸೆಂಬರ್‌ನಲ್ಲಿ ೨೦೧೦ ಮತ್ತು ೨೦೧೧ರ ಕೆಲವು ಸ್ಯಾಮ್‌ಸಂಗ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತಿತು. ಆ ಟಿವಿಗಳ ಪರದೆಗೆ ಯಾವ ಕೇಡೂ ಆಗಿರಲಿಲ್ಲ. ಒಳಗಿನ ತಂತ್ರಾಂಶಕ್ಕೆ ಮಾತ್ರ ವಯಸ್ಸಾಗಿತ್ತು. ಇಂಥ ಹೊತ್ತಿನಲ್ಲಿ ಹೊಸ ಟಿವಿಯನ್ನೇ ಕೊಳ್ಳಬೇಕೆಂದು ತಿಳಿಯುವವರು ಬಹಳ ಮಂದಿ ಇದ್ದಾರೆ. ಹಳೆಯ ಟಿವಿಗೆ ಸ್ಟಿಕ್ ಸಿಕ್ಕಿಸಿಕೊಟ್ಟು, ಇನ್ನೂ ಕೆಲವು ವರ್ಷ ಇದನ್ನೇ ನೋಡಬಹುದು ಎಂದು ನಾನು ಹೇಳಿದಾಗ ನಂಬಲು ಹಿಂಜರಿಯುವವರೇ ಹೆಚ್ಚು.

ನಿಧಾನಗತಿಯ ದೂರಿಗೆ ಮುಖ್ಯ ಕಾರಣ ರ‍್ಯಾಮ್. ಈಗಲೂ ೧ ಜಿಬಿ ರ‍್ಯಾಮ್ ಮತ್ತು ೮ ಜಿಬಿ ಸಂಗ್ರಹ ಇರುವ ಟಿವಿಗಳು ಹೊಸದಾಗಿ ಮಾರಾಟವಾಗುತ್ತಿವೆ. ಸಂಗ್ರಹದ ದೊಡ್ಡ ಪಾಲನ್ನು ಕಾರ್ಯನಿರ್ವಹಣಾ ತಂತ್ರಾಂಶವೇ ಆಕ್ರಮಿಸಿಕೊಂಡಿರುತ್ತದೆ. ಉಳಿದದ್ದರಲ್ಲಿ ಕೆಲವೇ ಆ್ಯಪ್‌ಗಳನ್ನು ಹಾಕುವಷ್ಟರಲ್ಲಿ ಜಾಗ ಮುಗಿದು, ಮುಂದಿನ ಅಪ್‌ಡೇಟ್‌ಗೆ ಸ್ಥಳವಿಲ್ಲ ಎಂಬ ಸೂಚನೆ ಬರುತ್ತದೆ. ರ‍್ಯಾಮ್ ಕಡಿಮೆಯಾದಾಗ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋದ ಕೂಡಲೇ ಮೊದಲನೆಯದು ಮುಚ್ಚಿಹೋಗುತ್ತದೆ. ಫೋನಿನಂತೆ ಇಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಹೊಸದಕ್ಕೆ ಹೋಗುವ ಅಭ್ಯಾಸ ಯಾರಿಗೂ ಇಲ್ಲ, ಇರಲೂ ಬಾರದು. ಆಂಡ್ರಾಯ್ಡ್ ಆಧಾರಿತ ಟಿವಿಯಾದರೆ ೨ ಜಿಬಿ ರ‍್ಯಾಮ್, ೧೬ ಜಿಬಿ ಸಂಗ್ರಹಕ್ಕಿಂತ ಕಡಿಮೆಯದನ್ನು, ಹೊರಗಿನ ಸ್ಟಿಕ್ ಬಳಸುವ ಉದ್ದೇಶ ಮೊದಲೇ ಇದ್ದ ಹೊರತು, ಆರಿಸದಿರುವುದು ಒಳ್ಳೆಯದು. ಟೈಜನ್, ವೆಬ್ಒಎಸ್, ವಿಡಾ, ರೋಕು ಮೊದಲಾದ ಬೇರೆ ಕಾರ್ಯನಿರ್ವಹಣಾ ತಂತ್ರಾಂಶಗಳು ಕಡಿಮೆ ರ‍್ಯಾಮ್‌ನಲ್ಲೂ ತಕ್ಕಮಟ್ಟಿಗೆ ನಡೆಯುತ್ತವೆ ಎಂಬುದು ನಿಜ, ಆದರೆ ಅವುಗಳಲ್ಲಿ ನಮಗೆ ಬೇಕಾದ ಆ್ಯಪ್‌ಗಳೆಲ್ಲ ಇವೆಯೇ ಎಂಬುದನ್ನು ಒಂದೊಂದಾಗಿ ನೋಡಿಕೊಳ್ಳಬೇಕು.

ಇದಕ್ಕಿಂತ ಗಂಭೀರವಾದ ಸಮಸ್ಯೆ ತೀರಾ ಅಗ್ಗದ ಟಿವಿಗಳಲ್ಲಿ ಇದೆ. ಪೆಟ್ಟಿಗೆಯ ಮೇಲೆ 'ಆಂಡ್ರಾಯ್ಡ್' ಎಂದು ಬರೆದಿರುವ ಎಲ್ಲ ಟಿವಿಗಳೂ ಗೂಗಲ್‌ನ ಪ್ರಮಾಣೀಕರಣ ಪಡೆದ ಆಂಡ್ರಾಯ್ಡ್ ಟಿವಿಗಳಲ್ಲ. ಯಾರು ಬೇಕಾದರೂ ಬಳಸಬಹುದಾದ ಮುಕ್ತ ಆಂಡ್ರಾಯ್ಡ್ ಮೇಲೆ ತಮ್ಮದೇ ಮುಖಪರದೆ ಕೂರಿಸಿ ಮಾರುವವರೂ ಇದ್ದಾರೆ. ಅಂಥ ಟಿವಿಗಳಲ್ಲಿ ಚಲನಚಿತ್ರ ಸೇವೆಗಳ ಆ್ಯಪ್‌ಗಳನ್ನು ಹೇಗೋ ಹಾಕಿಕೊಟ್ಟಿದ್ದರೂ ಚಿತ್ರ ಮಸುಕಾಗಿಯೇ ಬರುತ್ತದೆ. ಕಾರಣ, ಈ ಸೇವೆಗಳು ತಮ್ಮ ಚಿತ್ರಗಳಿಗೆ ವೈಡ್‌ವೈನ್ ಎಂಬ ರಕ್ಷಣಾ ವ್ಯವಸ್ಥೆಯನ್ನು ಬಳಸುತ್ತವೆ. ಅದರ ಎಲ್೧ ಎಂಬ ಮಟ್ಟ ಟಿವಿಯ ಪ್ರೊಸೆಸರ್ ಚಿಪ್‌ನೊಳಗೇ ಸುರಕ್ಷಿತವಾಗಿ ಕೆಲಸ ಮಾಡುವಂಥದ್ದು. ಅದಿಲ್ಲದೆ ಎಲ್೩ ಎಂಬ ಕೆಳಗಿನ ಮಟ್ಟ ಮಾತ್ರ ಇದ್ದರೆ ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಎಚ್‌ಡಿ ಚಿತ್ರವನ್ನೇ ಕಳುಹಿಸುವುದಿಲ್ಲ. ಪರದೆ ೪ಕೆ, ಚಂದಾ ೪ಕೆ, ಬರುವ ಚಿತ್ರ ಮಾತ್ರ ಹಳೆಯ ಡಿವಿಡಿಯ ಮಟ್ಟದ್ದು. ಗ್ರಾಹಕರು ತಮ್ಮ ಇಂಟರ್‌ನೆಟ್ ಸಂಪರ್ಕವೇ ಸರಿಯಿಲ್ಲವೆಂದು ತಿಳಿದು ಇನ್ನೂ ಹೆಚ್ಚು ವೇಗದ ಸಂಪರ್ಕಕ್ಕೆ ಹಣ ಕಟ್ಟುತ್ತಾರೆ.

ಸುರಕ್ಷತೆಯ ಮಾತೂ ಇದಕ್ಕೆ ಸೇರಿದ್ದು. ೨೦೨೫ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ, ಟಿವಿಗೆ ಜೋಡಿಸುವ ಸ್ಟ್ರೀಮಿಂಗ್ ಪೆಟ್ಟಿಗೆಗಳೂ ಸೇರಿದಂತೆ ಮನೆಬಳಕೆಯ ಹಲವು ಸಾಧನಗಳಲ್ಲಿ ಹರಡಿರುವ ಬ್ಯಾಡ್‌ಬಾಕ್ಸ್ ೨.೦ ಎಂಬ ದುರುದ್ದೇಶದ ತಂತ್ರಾಂಶದ ಬಗ್ಗೆ ಸಾರ್ವಜನಿಕ ಎಚ್ಚರಿಕೆ ನೀಡಿತು. ಮರುತಿಂಗಳು ಗೂಗಲ್ ನ್ಯಾಯಾಲಯದ ಮೆಟ್ಟಿಲೇರಿದಾಗ, ಪ್ರಮಾಣೀಕರಣವಿಲ್ಲದ ಮುಕ್ತ ಆಂಡ್ರಾಯ್ಡ್ ಸಾಧನಗಳು ೧ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಇದಕ್ಕೆ ತುತ್ತಾಗಿವೆ ಎಂದು ಹೇಳಿತು. ಕೆಲವು ಸಾಧನಗಳಲ್ಲಿ ಈ ತಂತ್ರಾಂಶ ಗ್ರಾಹಕರ ಕೈಸೇರುವ ಮೊದಲೇ ಕುಳಿತಿತ್ತು. ಟಿವಿ ಮನೆಯ ವೈಫೈ ಜಾಲದ ಒಳಗೆ ಹಗಲಿರುಳೂ ಇರುವ ಸಾಧನ. ಅದೇ ಜಾಲದಲ್ಲಿ ಮನೆಯವರ ಬ್ಯಾಂಕ್ ವ್ಯವಹಾರದ ಫೋನುಗಳೂ ಇರುತ್ತವೆ. ಹೀಗಿರುವಾಗ ಪ್ರಮಾಣೀಕರಣವಿಲ್ಲದ ಟಿವಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದರಿಂದ ದೂರವಿರುವುದೇ ಲೇಸು.

ಇಷ್ಟೆಲ್ಲ ಕಾರಣಗಳಿಂದ, ಟಿವಿ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ 'ಇದಕ್ಕೆ ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತೀರಿ?' ಎಂಬುದಾಗಬೇಕು. ಬ್ರಿಟನ್‌ನಲ್ಲಿ ೨೦೨೪ರ ಏಪ್ರಿಲ್ ೨೯ರಿಂದ ಜಾರಿಗೆ ಬಂದಿರುವ ಕಾನೂನಿನ ಪ್ರಕಾರ, ಇಂಟರ್‌ನೆಟ್‌ಗೆ ಜೋಡಣೆಯಾಗುವ ಗೃಹಬಳಕೆಯ ಸಾಧನಗಳ ತಯಾರಕರು ಕನಿಷ್ಠ ಎಷ್ಟು ಕಾಲ ಸುರಕ್ಷತಾ ಅಪ್‌ಡೇಟ್ ಒದಗಿಸುತ್ತೇವೆ ಎಂಬುದನ್ನು ಬಹಿರಂಗವಾಗಿ ಹೇಳಲೇಬೇಕು. ಸ್ಮಾರ್ಟ್ ಟಿವಿಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಐರೋಪ್ಯ ಒಕ್ಕೂಟದಲ್ಲಿ ೨೦೨೧ರ ಮಾರ್ಚ್ ೧ರಿಂದ ಅನ್ವಯವಾಗಿರುವ ನಿಯಮವಂತೂ, ಒಂದು ಮಾದರಿಯ ಕೊನೆಯ ಟಿವಿ ಮಾರುಕಟ್ಟೆಗೆ ಬಂದ ನಂತರವೂ ಅದರ ಫರ್ಮ್‌ವೇರ್‌ನ, ಅಂದರೆ ಟಿವಿಯೊಳಗಿನ ಮೂಲ ತಂತ್ರಾಂಶದ, ಲಭ್ಯವಿರುವ ಇತ್ತೀಚಿನ ಆವೃತ್ತಿಯನ್ನು ಕನಿಷ್ಠ ೮ ವರ್ಷ, ಪವರ್ ಸಪ್ಲೈ, ಕನೆಕ್ಟರ್, ಕೆಪಾಸಿಟರ್ ಮೊದಲಾದ ಬಿಡಿಭಾಗಗಳನ್ನು ಕನಿಷ್ಠ ೭ ವರ್ಷ ದುರಸ್ತಿಗಾರರಿಗೆ ಸಿಗುವಂತೆ ಇಡಬೇಕೆಂದು ವಿಧಿಸುತ್ತದೆ. ಒಂದು ಕೆಪಾಸಿಟರ್ ಅಥವಾ ಒಂದು ಬೋರ್ಡ್ ಸಿಗಲಿಲ್ಲವೆಂಬ ಕಾರಣಕ್ಕೆ ಇಡೀ ಟಿವಿಯನ್ನು ಮೂಲೆಗೆ ಸೇರಿಸಬೇಕಾಗಿ ಬಂದ ಮನೆಯವರ ಮುಖ ನೋಡಿರುವ ನನ್ನಂಥವರಿಗೆ ಆ ಎರಡನೆಯ ಸಾಲಿನ ಬೆಲೆ ಗೊತ್ತು. ಒಂದೆಡೆ ಹೇಳಲು ಸಾಧ್ಯವಾದದ್ದನ್ನು ತಯಾರಕರು ಎಲ್ಲೆಡೆಯೂ ಹೇಳಬಹುದು, ಕೇಳುವವರು ಬೇಕಷ್ಟೆ.

ಇನ್ನು ಪರದೆಯ ವಿಷಯ. ೪ಕೆ ಎಂಬ ಮುದ್ರೆಯಷ್ಟು ಸುಲಭವಾಗಿ ಮಾರಾಟವಾಗುವ ಗುಣ ಬೇರೊಂದಿಲ್ಲ. ೩೮೪೦ಕ್ಕೆ ೨೧೬೦ರಂತೆ ಸುಮಾರು ೮೩ ಲಕ್ಷ ಬಿಂದುಗಳು (ಪಿಕ್ಸೆಲ್) ಅದರಲ್ಲಿರುತ್ತವೆ, ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು. ಆದರೆ ಆ ನಾಲ್ಕು ಪಟ್ಟನ್ನು ಕಣ್ಣು ಗುರುತಿಸುವುದು ಕೂರುವ ದೂರವನ್ನು ಅವಲಂಬಿಸಿದೆ. ಸಾಮಾನ್ಯ ದೃಷ್ಟಿಯ ಕಣ್ಣಿನ ಸೂಕ್ಷ್ಮತೆಯನ್ನು ಒಂದು ಡಿಗ್ರಿಯ ೬೦ನೇ ಒಂದು ಭಾಗವೆಂದು ಹಿಡಿದು ಲೆಕ್ಕ ಹಾಕಿದರೆ, ೪೩ ಇಂಚಿನ ಫುಲ್ ಎಚ್‌ಡಿ ಪರದೆಯ ಬಿಂದುಗಳು ಸುಮಾರು ೧.೭ ಮೀಟರ್ ಆಚೆಗೆ ಬಿಡಿಬಿಡಿಯಾಗಿ ಕಾಣುವುದು ನಿಲ್ಲುತ್ತದೆ. ೫೫ ಇಂಚಿಗೆ ಆ ದೂರ ಸುಮಾರು ೨.೨ ಮೀಟರ್. ಅದಕ್ಕಿಂತ ಹಿಂದೆ ಕೂತವರಿಗೆ ೪ಕೆಯಿಂದ ಸಿಗುವ ಲಾಭ ಬಹಳ ಕಡಿಮೆ. ೩೨ ಇಂಚಿನ ಟಿವಿಯಲ್ಲಿ ೪ಕೆ ಹುಡುಕುವ ಅಗತ್ಯವೇ ಇಲ್ಲ. ಅದೇ ಅಳತೆಯಲ್ಲಿ ೧೩೬೬ಕ್ಕೆ ೭೬೮ ಬಿಂದುಗಳ 'ಎಚ್‌ಡಿ ರೆಡಿ' ಮತ್ತು ಫುಲ್ ಎಚ್‌ಡಿ ಎರಡೂ ಸಿಗುತ್ತವೆಯಾದ್ದರಿಂದ, ಕಂಪ್ಯೂಟರ್ ಪರದೆಯಂತೆ ಹತ್ತಿರದಿಂದ ಬಳಸುವವರು ಮಾತ್ರ ಎರಡನೆಯದಕ್ಕೆ ಹೆಚ್ಚು ಹಣ ಕೊಟ್ಟರೆ ಸಾಕು. ಅಳತೆಯನ್ನು ಆರಿಸುವಾಗಲೂ ದೂರವನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ಪರದೆಯ ಕರ್ಣದ ಸುಮಾರು ಒಂದೂವರೆ ಪಟ್ಟಿನಿಂದ ಎರಡೂವರೆ ಪಟ್ಟು ದೂರದಲ್ಲಿ ಕೂತರೆ ನೋಡಲು ಹಿತವಾಗಿರುತ್ತದೆ. ಕೇಬಲ್ ಅಥವಾ ಡಿಶ್‌ನ ಸಾಮಾನ್ಯ ದರ್ಜೆಯ ವಾಹಿನಿಗಳನ್ನೇ ಹೆಚ್ಚು ನೋಡುವ ಮನೆಗಳಲ್ಲಿ ದೊಡ್ಡ ೪ಕೆ ಪರದೆ ಆ ಚಿತ್ರದ ಕೊರತೆಗಳನ್ನು ಇನ್ನಷ್ಟು ಎದ್ದು ತೋರಿಸುತ್ತದೆ ಎಂಬುದನ್ನೂ ಕೊಳ್ಳುವ ಮೊದಲೇ ತಿಳಿದಿರಬೇಕು.

ಬಿಂದುಗಳ ಸಂಖ್ಯೆಗಿಂತ ಚಿತ್ರದ ಅಂದವನ್ನು ನಿರ್ಧರಿಸುವುದು ಕಪ್ಪು ಎಷ್ಟು ಕಪ್ಪಾಗಿದೆ, ಬೆಳಕು ಎಷ್ಟು ಬೆಳಕಾಗಿದೆ ಎಂಬ ಎರಡು ಗುಣಗಳು. ಕಡಿಮೆ ಬೆಲೆಯ ಟಿವಿಗಳೆಲ್ಲ ಬಹುತೇಕ ಎಲ್‌ಸಿಡಿ ಪ್ಯಾನೆಲ್‌ನವೇ. ಕ್ಯೂಎಲ್‌ಇಡಿ ಎಂದು ಕರೆಯುವುದೂ ಅದೇ ಪ್ಯಾನೆಲ್‌ಗೆ ಬಣ್ಣಗಳನ್ನು ಶುದ್ಧಗೊಳಿಸುವ ಕ್ವಾಂಟಮ್ ಡಾಟ್ ಪದರವೊಂದನ್ನು ಸೇರಿಸಿದ್ದು. ಪ್ರತಿ ಬಿಂದುವೂ ತಾನೇ ಬೆಳಗುವ ಒಎಲ್‌ಇಡಿಗೂ ಅದಕ್ಕೂ ರಚನೆಯಲ್ಲಿ ಸಂಬಂಧವಿಲ್ಲ. ಎಲ್‌ಸಿಡಿಯಲ್ಲಿ ಎರಡು ಮುಖ್ಯ ಬಗೆಗಳಿವೆ. ವಿಎ ಪ್ಯಾನೆಲ್‌ನಲ್ಲಿ ಬೆಳಕು ಮತ್ತು ಕಪ್ಪಿನ ಅನುಪಾತ ಸಾಮಾನ್ಯವಾಗಿ ೩೦೦೦ಕ್ಕೆ ೧ ಅಥವಾ ಅದಕ್ಕೂ ಹೆಚ್ಚು. ಐಪಿಎಸ್‌ನಲ್ಲಿ ಸುಮಾರು ೧೦೦೦ಕ್ಕೆ ೧. ಹಾಗೆಂದು ಐಪಿಎಸ್ ಕೀಳಲ್ಲ: ಅದನ್ನು ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ವಿಎ ಪರದೆಯನ್ನು ಓರೆಯಾಗಿ ನೋಡಿದರೆ ಬಣ್ಣ ಸೊರಗುತ್ತದೆ. ರಾತ್ರಿ ದೀಪ ಆರಿಸಿ ಎದುರಿಗೆ ಕೂತು ಸಿನಿಮಾ ನೋಡುವವರಿಗೆ ವಿಎ, ಕೋಣೆಯ ಮೂಲೆಮೂಲೆಗಳಲ್ಲಿ ಮನೆಮಂದಿಯೆಲ್ಲ ಹರಡಿ ಕೂರುವಲ್ಲಿ ಐಪಿಎಸ್ ಹೊಂದುತ್ತದೆ. ಇಷ್ಟು ಸರಳವಾದ, ಇಷ್ಟು ಉಪಯುಕ್ತವಾದ ಈ ಒಂದು ಮಾಹಿತಿಯನ್ನು ಪೆಟ್ಟಿಗೆಯ ಮೇಲೆ ನಮೂದಿಸುವವರು ವಿರಳ. ಅದರ ಬದಲು 'ಎ ಪ್ಲಸ್ ದರ್ಜೆಯ ಪ್ಯಾನೆಲ್' ಎಂಬಂಥ ಬಿರುದು ಇರುತ್ತದೆ. ಆ ದರ್ಜೆಯನ್ನು ಅಳೆದವರು ಯಾರು, ಯಾವ ಮಾನದಂಡದಿಂದ ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ಎಚ್‌ಡಿಆರ್ ಕುರಿತು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಜನ ಅತಿ ಹೆಚ್ಚು ನಿರಾಶರಾಗುವುದು ಇಲ್ಲಿಯೇ. ಬಿಸಿಲಿನ ಹೊಳಪು, ದೀಪದ ಪ್ರಖರತೆ, ನೆರಳಿನೊಳಗಿನ ವಿವರ ಇವೆಲ್ಲವೂ ಒಂದೇ ದೃಶ್ಯದಲ್ಲಿ ಉಳಿಯುವಂತೆ ಮಾಡುವುದು ಎಚ್‌ಡಿಆರ್‌ನ ಉದ್ದೇಶ. ಅದಕ್ಕೆ ಪರದೆಯ ಒಂದು ಭಾಗ ತೀರಾ ಪ್ರಖರವಾಗಿ, ಪಕ್ಕದ ಭಾಗ ತೀರಾ ಕಪ್ಪಾಗಿ ಇರಲು ಸಾಧ್ಯವಾಗಬೇಕು. ಹೊಳಪನ್ನು ನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ೨೦೧೬ರಲ್ಲಿ ಅಲ್ಟ್ರಾ ಎಚ್‌ಡಿ ಪ್ರೀಮಿಯಂ ಎಂಬ ಉದ್ಯಮದ ಮಾನದಂಡ ರೂಪುಗೊಂಡಾಗ, ಎಲ್‌ಸಿಡಿಯಂಥ ಪರದೆಗಳಿಗೆ ೧೦೦೦ ನಿಟ್‌ಗಿಂತ ಹೆಚ್ಚಿನ ಗರಿಷ್ಠ ಹೊಳಪು ಮತ್ತು ಕಪ್ಪು ಭಾಗದಲ್ಲಿ ೦.೦೫ ನಿಟ್‌ಗಿಂತ ಕಡಿಮೆ ಬೆಳಕನ್ನು ನಿಗದಿ ಮಾಡಲಾಗಿತ್ತು. ನಾವು ಮಾತನಾಡುತ್ತಿರುವ ಬೆಲೆಯ ಟಿವಿಗಳ ಹೊಳಪು ಹೆಚ್ಚಾಗಿ ೨೦೦ರಿಂದ ೩೦೦ ನಿಟ್‌ನ ಆಸುಪಾಸಿನಲ್ಲಿರುತ್ತದೆ, ಹಿಂದಿನ ಬೆಳಕನ್ನು ಭಾಗಭಾಗವಾಗಿ ತಗ್ಗಿಸುವ ವ್ಯವಸ್ಥೆಯೂ ಇರುವುದಿಲ್ಲ. ಅಂಥ ಟಿವಿಯ ಮೇಲೆ 'ಎಚ್‌ಡಿಆರ್೧೦ ಬೆಂಬಲ' ಎಂದು ಬರೆದಿದ್ದರೆ ಅದು ಸುಳ್ಳಲ್ಲ. ಎಚ್‌ಡಿಆರ್ ಸಂಕೇತವನ್ನು ಸ್ವೀಕರಿಸಿ ತನ್ನ ಶಕ್ತಿಯಿದ್ದಷ್ಟು ತೋರಿಸುತ್ತದೆ ಎಂಬುದಷ್ಟೇ ಅದರ ಅರ್ಥ. ಕೆಲವೊಮ್ಮೆ ಇಂಥ ಪರದೆಗಳಲ್ಲಿ ಎಚ್‌ಡಿಆರ್ ಚಿತ್ರ ಸಾಮಾನ್ಯ ಚಿತ್ರಕ್ಕಿಂತಲೂ ಕತ್ತಲಾಗಿ ಕಾಣುತ್ತದೆ. ಎಚ್‌ಡಿಆರ್‌ನ ಇನ್ನೊಂದು ಬಗೆಯಾದ ಡಾಲ್ಬಿ ವಿಷನ್ ಮುದ್ರೆ ಇದ್ದರೂ ಪರದೆಯ ಹೊಳಪೇ ಕಡಿಮೆಯಿದ್ದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಹಾಗಾಗಿ ಈ ಬೆಲೆಯಲ್ಲಿ ಎಚ್‌ಡಿಆರ್‌ಗಾಗಿ ಒಂದು ಮಾದರಿಯನ್ನು ಬಿಟ್ಟು ಇನ್ನೊಂದನ್ನು ಆರಿಸುವುದು ಬೇಡ. ನಿಟ್ ಎಷ್ಟು ಎಂದು ಕೇಳಿ, ಉತ್ತರ ಸಿಕ್ಕರೆ ಅದನ್ನು ಹೋಲಿಸಿ ನೋಡುವುದು ಸರಿಯಾದ ದಾರಿ. ಕಿಟಕಿಯ ಬೆಳಕು ನೇರವಾಗಿ ಬೀಳುವ ಕೋಣೆಯಲ್ಲಿ ಈ ಒಂದು ಸಂಖ್ಯೆ ಉಳಿದೆಲ್ಲ ಮುದ್ರೆಗಳಿಗಿಂತ ಮುಖ್ಯವಾಗುತ್ತದೆ.

ಚಲನೆಯ ವಿಷಯದಲ್ಲೂ ಇದೇ ಕಥೆ. ಪೆಟ್ಟಿಗೆಯ ಮೇಲೆ ೧೨೦, ೨೦೦ ಎಂಬ ದೊಡ್ಡ ಸಂಖ್ಯೆಗಳಿದ್ದರೂ ಪ್ಯಾನೆಲ್ ಸೆಕೆಂಡಿಗೆ ೬೦ ಬಾರಿ ಮಾತ್ರ ಚಿತ್ರ ಬದಲಿಸುವಂಥದ್ದಾಗಿರಬಹುದು. 'ಮೂಲ ರಿಫ್ರೆಶ್ ದರ ಎಷ್ಟು' ಎಂದು ಕೇಳಿದರೆ ನಿಜ ತಿಳಿಯುತ್ತದೆ. ಸುದ್ದಿ, ಧಾರಾವಾಹಿ, ಸಿನಿಮಾ ನೋಡಲು ೬೦ ಹರ್ಟ್ಜ್ ಸಾಕು.

ನನ್ನ ಕೆಲಸದ ಮೇಜಿಗೆ ಬರುವ ಅಗ್ಗದ ಟಿವಿಗಳಲ್ಲಿ ಧ್ವನಿ ಇದ್ದೂ ಚಿತ್ರ ಇಲ್ಲದವು ಬಹಳ. ಇಂಥ ಟಿವಿಯ ಪರದೆಗೆ ಕತ್ತಲಲ್ಲಿ ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದರೆ ಚಿತ್ರ ಮಸುಕಾಗಿ ಓಡುತ್ತಿರುವುದು ಕಾಣುತ್ತದೆ. ಅಂದರೆ ಪ್ಯಾನೆಲ್ ಸರಿಯಾಗಿದೆ, ಹಿಂದಿನ ಎಲ್‌ಇಡಿ ಪಟ್ಟಿ ಸುಟ್ಟಿದೆ. ಕಡಿಮೆ ಸಂಖ್ಯೆಯ ಎಲ್‌ಇಡಿಗಳಿಂದ ಹೆಚ್ಚು ಬೆಳಕು ತೆಗೆಯಲು ಅವುಗಳಿಗೆ ತಾಳುವ ಮಿತಿಯ ಅಂಚಿನವರೆಗೂ ವಿದ್ಯುತ್ ಹರಿಸುವುದು ಇದಕ್ಕೆ ಕಾರಣ. ಶಾಖ ಹೆಚ್ಚಿ ಒಂದು ಎಲ್‌ಇಡಿ ಹೋದರೆ ಸರಣಿಯಲ್ಲಿರುವ ಇಡೀ ಪಟ್ಟಿ ಆರುತ್ತದೆ. ಪಟ್ಟಿ ಬದಲಿಸುವುದು ಅಷ್ಟೇನೂ ದುಬಾರಿಯಲ್ಲ, ಆದರೆ ಬಿಚ್ಚುವಾಗ ಪ್ಯಾನೆಲ್ ಒಡೆದರೆ ಅದರ ಬೆಲೆ ಹೊಸ ಟಿವಿಯ ಬೆಲೆಯನ್ನು ಮುಟ್ಟುತ್ತದೆ. ಟಿವಿ ಮನೆಗೆ ಬಂದ ಮೊದಲ ದಿನವೇ ಸೆಟ್ಟಿಂಗ್‌ನಲ್ಲಿ 'ವಿವಿಡ್' ಅಥವಾ 'ಸ್ಟೋರ್' ಎಂಬ ವಿಧಾನವನ್ನು ತೆಗೆದು 'ಸ್ಟ್ಯಾಂಡರ್ಡ್' ಅಥವಾ 'ಸಿನಿಮಾ' ಮಾಡಿ, ಬ್ಯಾಕ್‌ಲೈಟನ್ನು ನೂರರಿಂದ ಅರವತ್ತು ಎಪ್ಪತ್ತಕ್ಕೆ ಇಳಿಸಿದರೆ ಪಟ್ಟಿಯ ಆಯುಷ್ಯ ಹೆಚ್ಚುತ್ತದೆ, ವಿದ್ಯುತ್ ಉಳಿಯುತ್ತದೆ, ಚರ್ಮದ ಬಣ್ಣವೂ ಸಹಜವಾಗಿ ಕಾಣುತ್ತದೆ. ಖರ್ಚಿಲ್ಲದ ಈ ಕೆಲಸವನ್ನು ಟಿವಿ ಜೋಡಿಸಿಕೊಡಲು ಬರುವವರು ಮಾಡಿಕೊಡುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಧ್ವನಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತೆಳ್ಳಗಿನ ಟಿವಿಯಲ್ಲಿ ದೊಡ್ಡ ಸ್ಪೀಕರ್‌ಗೆ ಜಾಗವಿಲ್ಲ, ಇರುವ ಸಣ್ಣ ಸ್ಪೀಕರ್‌ಗಳೂ ನೆಲದ ಕಡೆಗೆ ಮುಖಮಾಡಿರುತ್ತವೆ. ವಯಸ್ಸಾದವರಿರುವ ಮನೆಯಲ್ಲಿ ದೊಡ್ಡ ಅಳತೆಯ ಆಸೆಯನ್ನು ಒಂದು ಹಂತ ಕಡಿಮೆ ಮಾಡಿ, ಉಳಿದ ಹಣದಲ್ಲಿ ಒಂದು ಸಾಧಾರಣ ಸೌಂಡ್‌ಬಾರ್ ಕೊಳ್ಳುವುದು ಹೆಚ್ಚು ಸುಖ ಕೊಡುತ್ತದೆ. ಅದನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿ ಟಿವಿಯ ಧ್ವನಿ ಕೇಳಲು ಟಿವಿಯ ಒಂದು ಎಚ್‌ಡಿಎಂಐ ಕಿಂಡಿಯ ಪಕ್ಕದಲ್ಲಿ 'ಎಆರ್‌ಸಿ' ಎಂದು ಬರೆದಿರಬೇಕು. ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ಮುಂದೊಂದು ದಿನ ಬೇಕಾಗುವ ಸ್ಟಿಕ್ ಎಂದು ಲೆಕ್ಕ ಹಾಕಿದರೆ ಮೂರು ಎಚ್‌ಡಿಎಂಐ ಕಿಂಡಿಗಳು ಬೇಕೇ ಬೇಕು. ಎರಡೇ ಇರುವ ಮಾದರಿಗಳಲ್ಲಿ ಆಮೇಲೆ ಪರದಾಟ ತಪ್ಪುವುದಿಲ್ಲ. ವೈಫೈ ೨.೪ ಗಿಗಾಹರ್ಟ್ಜ್ ಮಾತ್ರವೋ ೫ ಕೂಡ ಇದೆಯೋ ಎಂಬುದನ್ನು ಕೇಳಬೇಕು. ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿಗೆ ೫, ೪ಕೆಗೆ ೧೫ ಎಂಬಿಪಿಎಸ್ ವೇಗ ಸಾಕೆನ್ನುತ್ತದೆ; ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ ಒಂದೇ ೨.೪ರಲ್ಲಿ ಕಿಕ್ಕಿರಿದಿರುವಲ್ಲಿ ಅಷ್ಟೂ ಸ್ಥಿರವಾಗಿ ಸಿಗದೆ ಚಿತ್ರ ತಡೆತಡೆದು ಬರುತ್ತದೆ. ಯೂಟ್ಯೂಬ್ ತನ್ನ ೪ಕೆ ವಿಡಿಯೊಗಳನ್ನು ವಿಪಿ೯ ಅಥವಾ ಎವಿ೧ ಎಂಬ ಸಂಕೋಚನ ವಿಧಾನಗಳಲ್ಲಿ ಕಳುಹಿಸುತ್ತದೆ, ನೆಟ್‌ಫ್ಲಿಕ್ಸ್ ಕೂಡ ೨೦೨೧ರಿಂದ ಟಿವಿಗಳಿಗೆ ಎವಿ೧ ಬಳಸುತ್ತಿದೆ. ಇಂದು ಕೊಳ್ಳುವ ೪ಕೆ ಟಿವಿಯ ಪ್ರೊಸೆಸರ್ ಚಿಪ್‌ಗೆ ಎವಿ೧ ಬಿಡಿಸುವ ಸಾಮರ್ಥ್ಯ ಇರುವುದು ಕ್ಷೇಮ.

ಟಿವಿಗಳು ಇಷ್ಟು ಅಗ್ಗವಾಗಿ ಸಿಗಲು ಪ್ಯಾನೆಲ್ ಬೆಲೆ ಇಳಿದದ್ದು ಮಾತ್ರ ಕಾರಣವಲ್ಲ. ಮುಖಪರದೆಯ ಜಾಹೀರಾತುಗಳಿಂದ, ರಿಮೋಟ್‌ನ ಮೇಲಿನ ಆ್ಯಪ್ ಗುಂಡಿಗಳಿಂದ, ನಾವು ಏನು ನೋಡುತ್ತೇವೆ ಎಂಬ ಮಾಹಿತಿಯಿಂದ ಕಂಪನಿಗಳಿಗೆ ಟಿವಿ ಮಾರಿದ ಮೇಲೂ ಆದಾಯ ಬರುತ್ತಿರುತ್ತದೆ. ಅಮೆರಿಕದ ವಿಜಿಯೊ ಕಂಪನಿಯ ೨೦೨೧ರ ಲೆಕ್ಕದಲ್ಲಿ, ಸಾಧನಗಳ ಮಾರಾಟಕ್ಕಿಂತ ಜಾಹೀರಾತು ಮತ್ತು ಮಾಹಿತಿಯ ವಿಭಾಗದಿಂದಲೇ ಹೆಚ್ಚು ಒಟ್ಟು ಲಾಭ ಬಂದಿತ್ತು. ಅದೇ ಕಂಪನಿ, ೨೦೧೪ರಿಂದ ೧.೧ ಕೋಟಿ ಟಿವಿಗಳಲ್ಲಿ ಜನ ನೋಡುತ್ತಿದ್ದುದನ್ನು ಅವರ ಒಪ್ಪಿಗೆಯಿಲ್ಲದೆ ದಾಖಲಿಸಿದ ಆರೋಪದ ಮೇಲೆ, ೨೦೧೭ರಲ್ಲಿ ೨೨ ಲಕ್ಷ ಡಾಲರ್ ತೆತ್ತು ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು. ಪರದೆಯ ಮೇಲಿನ ಚಿತ್ರವನ್ನು ಗುರುತಿಸಿ ವರದಿ ಮಾಡುವ ಈ ಎಸಿಆರ್ ವ್ಯವಸ್ಥೆ ಇಂದಿನ ಅನೇಕ ಟಿವಿಗಳಲ್ಲಿದೆ. ಟಿವಿಯನ್ನು ಮೊದಲ ಬಾರಿ ಚಾಲೂ ಮಾಡುವಾಗ ಒಂದರ ಹಿಂದೊಂದು ಬರುವ ಒಪ್ಪಿಗೆ ಪುಟಗಳನ್ನು ಓದದೆ ಒತ್ತುತ್ತಾ ಹೋಗುವುದು ಸಹಜ. ಆದರೆ 'ವೀಕ್ಷಣೆಯ ಮಾಹಿತಿ' ಎಂಬರ್ಥದ ಒಪ್ಪಿಗೆಯನ್ನು ನಿರಾಕರಿಸಿದರೂ ಟಿವಿ ಕೆಲಸ ಮಾಡುತ್ತದೆ, ಆಮೇಲೂ ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಬಹುದು.

ಅಂಗಡಿಯಲ್ಲಿ ಪ್ರದರ್ಶನಕ್ಕೆಂದು ಓಡಿಸುವ ಹೂವು, ಹಕ್ಕಿ, ಜಲಪಾತದ ಚಿತ್ರಗಳು ಎಲ್ಲ ಟಿವಿಯಲ್ಲೂ ಚೆನ್ನಾಗಿಯೇ ಕಾಣುತ್ತವೆ. ಅದರ ಬದಲು ರಾತ್ರಿಯ ದೃಶ್ಯವಿರುವ ಸಾಮಾನ್ಯ ವಿಡಿಯೊವೊಂದನ್ನು ಹಾಕಿಸಿ ನೋಡಬೇಕು, ಪಕ್ಕಕ್ಕೆ ಸರಿದು ನೋಡಬೇಕು, ರಿಮೋಟ್ ತೆಗೆದುಕೊಂಡು ಎರಡು ಮೂರು ಆ್ಯಪ್‌ಗಳನ್ನು ತೆರೆದು ಮುಚ್ಚಿ ವೇಗ ಗಮನಿಸಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಈ ಅವಕಾಶವಿಲ್ಲ. ಅವರು ಹಿಂತಿರುಗಿಸುವ ಗಡುವಿನೊಳಗೆ ಪೂರ್ತಿ ಬಿಳಿ, ಬೂದು, ಕಪ್ಪು ಪರದೆಗಳ ವಿಡಿಯೊ ಓಡಿಸಿ, ಸತ್ತ ಬಿಂದು, ಕಲೆ, ಮೂಲೆಯಲ್ಲಿ ಸೋರುವ ಬೆಳಕು ಇವೆಯೇ ಎಂದು ನೋಡಿಬಿಡಬೇಕು. ಹೊಸ ಮಾದರಿಗಳು ಬಂದಾಗ ಬೆಲೆ ಇಳಿಯುವ ಹಿಂದಿನ ವರ್ಷದ ಮಧ್ಯಮ ದರ್ಜೆಯ ಟಿವಿ, ಈ ವರ್ಷದ ತೀರಾ ಅಗ್ಗದ ಟಿವಿಗಿಂತ ಉತ್ತಮ ಪರದೆಯನ್ನು ಹೊಂದಿರುವುದೇ ಹೆಚ್ಚು. ಇಂಥ ಖರೀದಿಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ಸಂಪಾದಕರೇ, ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಟಿವಿಗಳ ಕುರಿತು ಪತ್ರಿಕೆಯಲ್ಲಿ ಬರೆಯುವಾಗ ಪ್ರತಿ ಮಾದರಿಗೂ ಪ್ಯಾನೆಲ್‌ನ ಬಗೆ, ಹೊಳಪು ಎಷ್ಟು ನಿಟ್, ಮೂಲ ರಿಫ್ರೆಶ್ ದರ, ರ‍್ಯಾಮ್ ಮತ್ತು ಸಂಗ್ರಹ, ತಂತ್ರಾಂಶದ ಪ್ರಮಾಣೀಕರಣ, ಸುರಕ್ಷತಾ ಅಪ್‌ಡೇಟ್‌ನ ಅವಧಿ, ಬಿಡಿಭಾಗ ಸಿಗುವ ಕಾಲ ಇವುಗಳನ್ನು ತಯಾರಕರಿಂದಲೇ ಕೇಳಿ ಪ್ರಕಟಿಸಬೇಕು. ಉತ್ತರ ಕೊಡದ ಕಂಪನಿಯ ಹೆಸರಿನ ಮುಂದೆ 'ಮಾಹಿತಿ ನೀಡಿಲ್ಲ' ಎಂದು ಅಚ್ಚು ಮಾಡಬೇಕು. ಒಬ್ಬೊಬ್ಬ ಗ್ರಾಹಕನಾಗಿ ನಾವು ಅಂಗಡಿಯಲ್ಲಿ ಕೇಳಿದರೆ ನಿಂತವರಿಗೆ ಉತ್ತರ ಗೊತ್ತಿರುವುದಿಲ್ಲ, ತಯಾರಕರಿಗೆ ಬರೆದರೆ ಮರುಪತ್ರ ಬರುವುದಿಲ್ಲ. ಲಕ್ಷಾಂತರ ಓದುಗರ ಪರವಾಗಿ ಪತ್ರಿಕೆ ಕೇಳಿದಾಗ ಅವರು ಸುಮ್ಮನಿರಲಾರರು. ಒಮ್ಮೆ ಒಂದೆರಡು ಕಂಪನಿಗಳು ಉತ್ತರಿಸಿದರೆ ಉಳಿದವೂ ತಮ್ಮ ಪೆಟ್ಟಿಗೆಗಳ ಮೇಲೆ ಈ ವಿವರ ಮುದ್ರಿಸಬೇಕಾಗಿ ಬರುತ್ತದೆ. ಅಂಥ ಪಟ್ಟಿಯನ್ನು ಸಿದ್ಧಪಡಿಸುವಾಗ ಯಾವ ಪ್ರಶ್ನೆಯನ್ನು ಹೇಗೆ ಕೇಳಬೇಕು, ಕೊಟ್ಟ ಉತ್ತರವನ್ನು ಹೇಗೆ ಪರೀಕ್ಷಿಸಬೇಕು ಎಂಬುದರಲ್ಲಿ ನೆರವು ಬೇಕಾದರೆ, ದುರಸ್ತಿ ಕೆಲಸದಲ್ಲಿರುವ ನಾವು ನಮ್ಮ ಸಮಯ ಕೊಡಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಟಿವಿ ದುರಸ್ತಿ ವೃತ್ತಿಯ ಒಬ್ಬ ಓದುಗ